ಶಿವಮೊಗ್ಗದಿಂದ ಸೊರಬದವರೆಗೆ ಜೇಮ್ಸ್ ಬಾಂಡ್

ಹಳೇ ಕಾಲದ 35 ಮಿಲಿಮೀಟರ್ ಸಿನಿಮಾ ರೀಲಿನ ಲೆಕ್ಕ ಬಲು ಸರಳ. ಒಂದು ಅಡಿ ಫಿಲ್ಮಿನಲ್ಲಿ 16 ಚಿತ್ರ, ಒಂದು ಸೆಕೆಂಡಿಗೆ 24 ಚಿತ್ರ. ಪರದೆಯ ಮೇಲೆ ಒಂದು ನಿಮಿಷದ ಕಥೆ ನಡೆಯಬೇಕಾದರೆ ಪ್ರೊಜೆಕ್ಟರಿನ ಹಲ್ಲುಗಳ ಮೇಲೆ 90 ಅಡಿ ಫಿಲ್ಮು ಓಡಿರಬೇಕು. ಸಾವಿರ ಅಡಿಯ ಒಂದು ರೀಲು ಹನ್ನೊಂದು ನಿಮಿಷಕ್ಕೆ ಮುಗಿಯುತ್ತದೆ. ತಾಲ್ಲೂಕು ಊರಿನ ಟೆಂಟಿಗೆ ಬಸ್ಸಿನ ಟಾಪ್ ಮೇಲೆ ಬರುತ್ತಿದ್ದ ತಗಡಿನ ಡಬ್ಬಗಳಲ್ಲಿ ಇರುತ್ತಿದ್ದದ್ದು ಇಂಥ ರೀಲುಗಳೇ.

ಈ ಲೆಕ್ಕವನ್ನು ಬ್ರಿಟಿಷರ ಜೇಮ್ಸ್ ಬಾಂಡ್‌ಗೆ ಹಚ್ಚಿ ನೋಡಿ. 1962ರ ಅಕ್ಟೋಬರ್ 5ರಂದು ಲಂಡನ್ನಿನಲ್ಲಿ ತೆರೆ ಕಂಡ ‘ಡಾಕ್ಟರ್ ನೋ’ದಿಂದ 2021ರ ‘ನೋ ಟೈಮ್ ಟು ಡೈ’ವರೆಗೆ ಆ ಸರಣಿಯಲ್ಲಿ ಬಂದ ಚಿತ್ರಗಳು 25. ಎಲ್ಲದರ ಅವಧಿ ಕೂಡಿಸಿದರೆ ಸುಮಾರು 3,200 ನಿಮಿಷ. ಊಟ ನಿದ್ದೆ ಬಿಟ್ಟು ಕೂತರೆ ಎರಡು ಹಗಲು, ಎರಡು ರಾತ್ರಿ, ಮೇಲೆ ಐದು ಗಂಟೆ. ಅಷ್ಟನ್ನೂ ರೀಲಿಗೆ ಇಳಿಸಿದರೆ 46 ಲಕ್ಷ ಬಿಡಿ ಚಿತ್ರಗಳು, 2 ಲಕ್ಷ 88 ಸಾವಿರ ಅಡಿ ಫಿಲ್ಮು. ತೂಕ ಆರೇಳು ಕ್ವಿಂಟಲ್, ಉದ್ದ ಸುಮಾರು 88 ಕಿಲೋಮೀಟರ್. ಶಿವಮೊಗ್ಗದ ಬಸ್ ನಿಲ್ದಾಣದಲ್ಲಿ ರೀಲಿನ ತುದಿ ಹಿಡಿದು ಹೊರಟರೆ ಶಿಕಾರಿಪುರ ದಾಟಿ, ಶಿರಾಳಕೊಪ್ಪ ದಾಟಿ ಸೊರಬದ ಆಸುಪಾಸಿಗೆ ಬಂದು ಮುಟ್ಟುತ್ತೀರಿ. ಐವತ್ತೊಂಬತ್ತು ವರ್ಷದ ಗೂಢಚಾರಿಕೆ, ಆರು ಮಂದಿ ನಾಯಕರು, ಲೆಕ್ಕವಿಲ್ಲದಷ್ಟು ಖಳರು, ಎಲ್ಲರೂ ಈ ರಸ್ತೆಯಲ್ಲಿ ಹಾಸಿಕೊಂಡು ಮಲಗುತ್ತಾರೆ.

ಆ ರೀಲಿನ ಒಂದು ಇಂಚನ್ನು ತುಂಬಿಸಲು ಅವರು ಸುರಿದ ಸಾಮಗ್ರಿ ನೋಡಿದರೆ ತಲೆ ತಿರುಗುತ್ತದೆ. 2015ರಲ್ಲಿ ‘ಸ್ಪೆಕ್ಟರ್’ ಚಿತ್ರಕ್ಕಾಗಿ ಮೊರಾಕ್ಕೊ ದೇಶದ ಎರ್ಫೂದ್ ಎಂಬಲ್ಲಿ ಒಂದು ಸ್ಫೋಟ ನಡೆಸಿದರು. ಅದಕ್ಕೆ ಹಿಡಿದ ಸೀಮೆಎಣ್ಣೆ 8,418 ಲೀಟರ್, ಜೊತೆಗೆ 33 ಕಿಲೋ ಸ್ಫೋಟಕ ಪುಡಿ. ಬೆಂಕಿ ನಿಂತದ್ದು ಏಳೂವರೆ ಸೆಕೆಂಡು. ಗಿನ್ನೆಸ್ ದಾಖಲೆಗೆ ಸೇರಿತು. ನ್ಯಾಯಬೆಲೆ ಅಂಗಡಿಯಲ್ಲಿ ಕ್ಯಾನು ಹಿಡಿದು ಸಾಲಿನಲ್ಲಿ ನಿಂತವರಿಗೆ ಈ ಅಂಕಿ ಬೇರೆಯವರಿಗಿಂತ ಚೆನ್ನಾಗಿ ಅರ್ಥವಾಗುತ್ತದೆ. ಒಂದು ಮನೆಗೆ ತಿಂಗಳಿಗೆ ಮೂರು ಲೀಟರ್ ಎಂದು ಹಿಡಿದರೆ, ಆ ಸ್ಫೋಟದಲ್ಲಿ ಉರಿದದ್ದು ಒಂದು ಮನೆಯ 233 ವರ್ಷದ ಸೀಮೆಎಣ್ಣೆ. ಇನ್ನೊಂದು ರೀತಿ ಹೇಳುವುದಾದರೆ, 2,800 ಮನೆಗಳ ಒಂದು ತಿಂಗಳ ಪಾಲು.

1995ರ ‘ಗೋಲ್ಡನ್‌ಐ’ ಶುರುವಾಗುವುದೇ ಸ್ವಿಟ್ಜರ್ಲೆಂಡಿನ ವೆರ್ಜಾಸ್ಕಾ ಅಣೆಕಟ್ಟಿನ ನೆತ್ತಿಯಿಂದ. ವೇಯ್ನ್ ಮೈಕೆಲ್ಸ್ ಎಂಬ ಸಾಹಸ ಕಲಾವಿದ ಕಾಲಿಗೆ ರಬ್ಬರ್ ಹಗ್ಗ ಬಿಗಿದುಕೊಂಡು ಅಲ್ಲಿಂದ ಜಿಗಿದರು. ಅಣೆಕಟ್ಟಿನ ಎತ್ತರ 220 ಮೀಟರ್. ಸೊರಬದ ಪಕ್ಕದ ಸಾಗರ ತಾಲ್ಲೂಕಿನ ಜೋಗ 253 ಮೀಟರ್. ಅಲ್ಲಿನ ರಾಜಾ ಕವಲು ಧುಮುಕುವ ಜಾಗದಲ್ಲಿ ನಿಂತು ಕೆಳಗೆ ನೋಡಿದವರಿಗೆ ಆ ಮನುಷ್ಯ ಏನು ಮಾಡಿದ ಎಂದು ವಿವರಿಸಬೇಕಾಗಿಲ್ಲ.

ಕಟ್ಟಡಗಳ ಕಥೆಯೂ ಹೀಗೇ. ‘ಡಾಕ್ಟರ್ ನೋ’ ಇಡೀ ಚಿತ್ರ ಮುಗಿದದ್ದು ಹತ್ತಿರ ಹತ್ತಿರ 10 ಲಕ್ಷ ಡಾಲರಿನಲ್ಲಿ. ಐದು ವರ್ಷ ಕಳೆದು ‘ಯೂ ಓನ್ಲಿ ಲಿವ್ ಟ್ವೈಸ್’ ಬರುವ ಹೊತ್ತಿಗೆ ಕಲಾ ನಿರ್ದೇಶಕ ಕೆನ್ ಆಡಮ್ ಖಳನಾಯಕನಿಗಾಗಿ ಲಂಡನ್ ಹತ್ತಿರದ ಪೈನ್‌ವುಡ್ ಸ್ಟುಡಿಯೊದಲ್ಲಿ ಒಂದು ಜ್ವಾಲಾಮುಖಿಯ ಹೊಟ್ಟೆಯನ್ನೇ ಕಟ್ಟಿಸಿದರು. ಆ ಒಂದು ಸೆಟ್ಟಿಗೇ 10 ಲಕ್ಷ ಡಾಲರು, 700 ಟನ್ ಉಕ್ಕು. 1976ರಲ್ಲಿ ಅದೇ ಸ್ಟುಡಿಯೊದಲ್ಲಿ ಮೂರು ಜಲಾಂತರ್ಗಾಮಿಗಳನ್ನು ನುಂಗುವ ತೈಲ ಹಡಗನ್ನು ಚಿತ್ರಿಸಲು ಸಾಲುವ ಜಾಗ ಇರಲಿಲ್ಲವೆಂದು ಹೊಸ ಕಟ್ಟಡವನ್ನೇ ಎಬ್ಬಿಸಿದರು. ಅದು 1984ರಲ್ಲಿ ಸುಟ್ಟಿತು, ಮತ್ತೆ ಕಟ್ಟಿದರು. 2006ರಲ್ಲಿ ಪುನಃ ಸುಟ್ಟಿತು, ಪುನಃ ಕಟ್ಟಿದರು. 2012ರ ‘ಸ್ಕೈಫಾಲ್’ ಒಂದೇ ಚಿತ್ರ ಜಗತ್ತಿನಾದ್ಯಂತ ಗಳಿಸಿದ್ದು 110 ಕೋಟಿ ಡಾಲರಿಗೂ ಮಿಗಿಲು. ಇಷ್ಟಕ್ಕೂ ಮೂಲ ಒಬ್ಬ ಇಯಾನ್ ಫ್ಲೆಮಿಂಗ್. 1953ರಲ್ಲಿ ಅವರ ಮೊದಲ ಕಾದಂಬರಿ ‘ಕೆಸಿನೊ ರಾಯಲ್’ ಮೊದಲ ಮುದ್ರಣದಲ್ಲಿ ಬಂದಾಗ ಅಚ್ಚಾದದ್ದು 4,728 ಪ್ರತಿ.

ಆದರೆ ಬ್ರಿಟಿಷ್ ಗೂಢಚಾರಿ ಚಿತ್ರದ ಹುಟ್ಟು ಇಷ್ಟು ದೊಡ್ಡದಾಗಿರಲಿಲ್ಲ. ಬಾಂಡ್‌ಗೆ ಕಾಲು ಶತಮಾನ ಮೊದಲು, 1938ರಲ್ಲಿ ಆಲ್ಫ್ರೆಡ್ ಹಿಚ್‌ಕಾಕ್ ‘ದ ಲೇಡಿ ವ್ಯಾನಿಷಸ್’ ತೆಗೆದರು. ಓಡುವ ರೈಲಿನಿಂದ ಒಬ್ಬ ಮುದುಕಿ ಮಾಯವಾಗುತ್ತಾಳೆ. ಆಕೆ ಇದ್ದದ್ದೇ ಸುಳ್ಳು ಎಂದು ಬೋಗಿಯಲ್ಲಿದ್ದವರೆಲ್ಲ ಹೇಳುತ್ತಾರೆ. ಯೂರೋಪಿನ ಉದ್ದಗಲ ಓಡಿದಂತೆ ಕಾಣುವ ಆ ರೈಲು ನಿಜಕ್ಕೂ 90 ಅಡಿಯ ಒಂದು ಸೆಟ್ಟು. ಇದ್ದದ್ದು ಒಂದೇ ಬೋಗಿ. ಮಿಕ್ಕದ್ದು ಗೊಂಬೆ ರೈಲು, ಹಿಂದಿನ ಪರದೆಯ ಮೇಲೆ ಬಿದ್ದ ಚಿತ್ರ. ತೊಂಬತ್ತು ಅಡಿ ಎಂದರೆ ರೀಲಿನ ಲೆಕ್ಕದಲ್ಲಿ ಒಂದು ನಿಮಿಷ. ಒಂದು ನಿಮಿಷದ ಫಿಲ್ಮಿನಷ್ಟು ಉದ್ದದ ಜಾಗದಲ್ಲಿ ಹಿಚ್‌ಕಾಕ್ ಒಂದೂವರೆ ಗಂಟೆ ಜಗತ್ತಿನ ಉಸಿರು ಹಿಡಿದಿಟ್ಟರು. ನನಗೆ 700 ಟನ್ ಉಕ್ಕಿಗಿಂತ ಈ 90 ಅಡಿಯೇ ಹೆಚ್ಚು ಬೆರಗು ಹುಟ್ಟಿಸುತ್ತದೆ.

ಕನ್ನಡಕ್ಕೆ ಗೂಢಚಾರಿ ಬಂದದ್ದು ಈ ಚಿಕ್ಕ ದಾರಿಯಲ್ಲೇ. 1968ರಲ್ಲಿ ದೊರೈ–ಭಗವಾನ್ ಜೋಡಿ ‘ಜೇಡರ ಬಲೆ’ ತೆಗೆಯಿತು. ರಾಜಕುಮಾರ್ ಅದರಲ್ಲಿ ಸಿಐಡಿ 999. ತೆಲುಗಿನಲ್ಲಿ ಎರಡು ವರ್ಷ ಮೊದಲೇ ‘ಗೂಢಚಾರಿ 116’ ಬಂದಿತ್ತು, ಹಿಂದಿಯಲ್ಲಿ ಅದರ ಮರುಚಿತ್ರ ‘ಫರ್ಜ್’ ಬಂದಿತ್ತು. ಆದರೆ ಒಬ್ಬನೇ ನಾಯಕ, ಒಂದೇ ಸಂಖ್ಯೆ, ಒಂದೇ ನಿರ್ದೇಶಕ ಜೋಡಿ, ಒಬ್ಬರೇ ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್, ಹೀಗೆ ಸರಣಿ ಕಟ್ಟಿದ್ದು ಕನ್ನಡದ ಹೆಚ್ಚುಗಾರಿಕೆ. ಅದೇ 1968ರಲ್ಲಿ ‘ಗೋವಾದಲ್ಲಿ ಸಿಐಡಿ 999’, 1969ರಲ್ಲಿ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’, ಕೊನೆಗೆ 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’. ಮುಂದೆ ಹಿಂದಿಯಲ್ಲಿ ದೊಡ್ಡ ಹೆಸರು ಮಾಡಿದ ರೇಖಾ ನಾಯಕಿಯಾಗಿ ಕಾಣಿಸಿಕೊಂಡದ್ದು ಈ ಸರಣಿಯ ಮೂರನೆಯದರಲ್ಲಿ. ಲಕ್ಷ್ಮಿ ಕನ್ನಡಕ್ಕೆ ಬಂದದ್ದು ಎರಡನೆಯದರಲ್ಲಿ.

ಈಗ ವರ್ಷ ಹಿಡಿದು ನೋಡಿ. 1967ರಲ್ಲಿ ಒಂದು ಬಾಂಡ್ ಚಿತ್ರ, 1969ರಲ್ಲಿ ಇನ್ನೊಂದು. ನಡುವಿನ 1968ರಲ್ಲಿ ಆ ಸರಣಿಯಿಂದ ಏನೂ ಇಲ್ಲ. ಅದೇ ವರ್ಷ ರಾಜಕುಮಾರ್ ಹತ್ತಕ್ಕೂ ಹೆಚ್ಚು ಚಿತ್ರಗಳಲ್ಲಿ ನಟಿಸಿದರು. ಅದರಲ್ಲಿ ಗೂಢಚಾರಿ ಚಿತ್ರಗಳೇ ಎರಡು. ‘ಹಣ್ಣೆಲೆ ಚಿಗುರಿದಾಗ’ ಅದೇ ವರ್ಷದ್ದು. ಅವರ ನೂರನೆಯ ಚಿತ್ರ ‘ಭಾಗ್ಯದ ಬಾಗಿಲು’ ಕೂಡ ಅದೇ ವರ್ಷದ್ದು. 1954ರ ‘ಬೇಡರ ಕಣ್ಣಪ್ಪ’ದಿಂದ ಹದಿನಾಲ್ಕು ವರ್ಷಕ್ಕೆ ನೂರು ಎಂದರೆ ಸರಾಸರಿ ಐವತ್ತು ದಿನಕ್ಕೊಂದು ಚಿತ್ರ. ಬಾಂಡ್‌ಗೆ ಒಂದು ಚಿತ್ರಕ್ಕೆ ಸುಮಾರು ಎರಡೂವರೆ ವರ್ಷ ಹಿಡಿದಿದೆ. ರಾಜಕುಮಾರ್ ಅವರ ಒಟ್ಟು ಚಿತ್ರಗಳು ಇನ್ನೂರು ದಾಟುತ್ತವೆ. ಒಂದೊಂದಕ್ಕೆ ಎರಡೂವರೆ ಗಂಟೆ ಎಂದು ಹಿಡಿದರೆ ರೀಲಿನ ಉದ್ದ 820 ಕಿಲೋಮೀಟರ್. ಬಾಂಡ್ ಶಿವಮೊಗ್ಗದಿಂದ ಸೊರಬಕ್ಕೆ ಬಂದು ನಿಂತರೆ, ನಮ್ಮ ಅಣ್ಣಾವ್ರು ಬೆಂಗಳೂರಿನಿಂದ ಸೊರಬಕ್ಕೆ ಬಂದು ಮತ್ತೆ ಬೆಂಗಳೂರಿಗೆ ಮರಳಿದ ಮೇಲೂ ಕೈಯಲ್ಲಿ ಒಂದಿಷ್ಟು ರೀಲು ಮಿಗುತ್ತದೆ.

ಓದುವವರ ಲೋಕದಲ್ಲೂ ಇದೇ ಮಾತು. ಫ್ಲೆಮಿಂಗ್ ಬರೆದ ಬಾಂಡ್ ಪುಸ್ತಕಗಳು 14. ಪತ್ತೇದಾರ ಪುರುಷೋತ್ತಮನನ್ನು ಸೃಷ್ಟಿಸಿದ ಎನ್. ನರಸಿಂಹಯ್ಯನವರ ಕಾದಂಬರಿಗಳು ಐನೂರರ ಆಸುಪಾಸು. ಅವರು ಓದಿದ್ದು ನಾಲ್ಕನೇ ತರಗತಿ. ಕನ್ನಡದ ಎಷ್ಟು ಮನೆಗಳಲ್ಲಿ ಮೊದಲ ಪುಸ್ತಕವಾಗಿ ಬಂದದ್ದು ಆ ತೆಳು ಕಾದಂಬರಿಗಳು ಎಂಬುದಕ್ಕೆ ಲೆಕ್ಕ ಇಟ್ಟವರಿಲ್ಲ.

ಸಿಐಡಿ 999 ನಿಜವಾಗಿ ಶಿಕಾರಿಪುರ ತಾಲ್ಲೂಕಿಗೆ ಸಂಬಂಧಪಟ್ಟದ್ದು ಮಾತ್ರ ಗೂಢಚಾರಿಯ ಕೋಟು ಕಳಚಿದ ಮೇಲೆ. 1975ರಲ್ಲಿ ರಾಜಕುಮಾರ್ ‘ಮಯೂರ’ ಆದರು. ಕಥೆ ದೇವುಡು ನರಸಿಂಹಶಾಸ್ತ್ರಿಗಳ ಕಾದಂಬರಿಯದು, ಸಂಗೀತ ಮತ್ತೆ ಅದೇ ಜಿ.ಕೆ. ವೆಂಕಟೇಶ್. ಆದರೆ ಆ ಕಥೆಯ ಬೇರು ಇರುವುದು ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ, ಪ್ರಣವೇಶ್ವರ ದೇವಾಲಯದ ಮುಂದೆ ನಿಂತಿರುವ ಒಂದು ಕಂಬದ ಮೈಮೇಲೆ.

ಆ ಕಂಬವನ್ನು ಹತ್ತಿರದಿಂದ ನೋಡಬೇಕು. ಬೂದು ಬಣ್ಣದ ಗಟ್ಟಿ ಕಲ್ಲು, ಎಂಟು ಮುಖ. ಬರಹವಿರುವ ಭಾಗದ ಎತ್ತರ ಒಂದೂವರೆ ಮೀಟರಿಗಿಂತ ತುಸು ಹೆಚ್ಚು. ಸಾಲುಗಳು ಅಡ್ಡಕ್ಕೆ ಹೋಗುವುದಿಲ್ಲ, ಕಂಬದ ಬುಡದಿಂದ ಮೇಲಕ್ಕೆ ಹತ್ತುತ್ತವೆ. ಏಳು ಮುಖಗಳಲ್ಲಿ ಎರಡೆರಡು ಸಾಲು, ಎಂಟನೆಯದರಲ್ಲಿ ಒಂದು ತುಂಡು ಸಾಲು. ಒಟ್ಟು ಹದಿನೈದು. ಆ ಹದಿನೈದು ಸಾಲಿನಲ್ಲಿ ಕುಬ್ಜನೆಂಬ ಕವಿ ಸಂಸ್ಕೃತದ 34 ಪದ್ಯಗಳನ್ನು ಕೂರಿಸಿದ್ದಾನೆ. ಕಾಲ ಕದಂಬ ಅರಸ ಶಾಂತಿವರ್ಮನದು, ಐದನೇ ಶತಮಾನದ ನಡುಭಾಗ.

ಕಥೆಯಾದರೂ ಎಂಥದ್ದು. ಹುಡುಗ ಮಯೂರಶರ್ಮ ಗುರು ವೀರಶರ್ಮನ ಜೊತೆ ಓದಲೆಂದು ಕಂಚಿಯ ಘಟಿಕೆಗೆ ಹೋಗುತ್ತಾನೆ. ಅಲ್ಲಿ ಪಲ್ಲವರ ಕುದುರೆ ಸವಾರನೊಬ್ಬನ ಜೊತೆ ಜಗಳವಾಗುತ್ತದೆ. ದರ್ಭೆ ಹಿಡಿದ ಕೈ ಕತ್ತಿ ಹಿಡಿಯುತ್ತದೆ. ಪಲ್ಲವರ ಗಡಿಕಾವಲಿನವರನ್ನು ಸೋಲಿಸಿ ಶ್ರೀಪರ್ವತದವರೆಗಿನ ದಟ್ಟ ಕಾಡನ್ನು ಹಿಡಿಯುತ್ತಾನೆ, ಬಾಣರಿಂದ ಕಪ್ಪ ವಸೂಲು ಮಾಡುತ್ತಾನೆ. ದೊಡ್ಡ ಸೈನ್ಯ ಬೆನ್ನಟ್ಟಿ ಬಂದರೆ ಹಗಲು ಎದುರಾಗುವುದಿಲ್ಲ. ರಾತ್ರಿ ಹೊತ್ತು, ಅವರು ದಣಿದು ಮಲಗಿದಾಗ, ದುರ್ಗಮ ಜಾಗ ನೋಡಿ ಎರಗುತ್ತಾನೆ. ಕೊನೆಗೆ ಕಂಚಿಯವರೇ ಸಂಧಿಗೆ ಬಂದು ಪಡುವಣ ಕಡಲಿನಿಂದ ಹಿಡಿದು ನಾಡನ್ನು ಬಿಟ್ಟುಕೊಡುತ್ತಾರೆ. ಹದಿನೈದು ಸಾಲಿನಲ್ಲಿ ಗಡಿ, ವೇಷಾಂತರದಷ್ಟೇ ದೊಡ್ಡ ಜನ್ಮಾಂತರ, ಕಾಡು, ರಾತ್ರಿ ದಾಳಿ, ರಾಜಿ, ಒಂದು ರಾಜ್ಯದ ಹುಟ್ಟು. ಬಾಂಡ್‌ನ ಯಾವ ಚಿತ್ರಕಥೆಯೂ ಇಷ್ಟು ಬಿಗಿಯಾಗಿಲ್ಲ ಎಂಬುದು ನನ್ನ ಗಟ್ಟಿ ನಂಬಿಕೆ.

ಈ ಶಾಸನವನ್ನು ಪತ್ತೆ ಮಾಡಿದವರು ಬಿ.ಎಲ್. ರೈಸ್. 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಇಂಗ್ಲಿಷ್ ಮನುಷ್ಯ, ಮೈಸೂರು ಪುರಾತತ್ವ ಇಲಾಖೆಯ ಮೊದಲ ನಿರ್ದೇಶಕ. ಊರೂರು ಅಲೆದು ಸುಮಾರು 9,000 ಶಾಸನಗಳನ್ನು ಸಂಗ್ರಹಿಸಿ 12 ಸಂಪುಟಗಳ ‘ಎಪಿಗ್ರಾಫಿಯಾ ಕರ್ನಾಟಿಕಾ’ ತಂದವರು. ತಾಳಗುಂದದ ಕಂಬ ಅವರ ಕಣ್ಣಿಗೆ ಬಿದ್ದದ್ದು 1894ರಲ್ಲಿ. ಅಲ್ಲಿಯವರೆಗೆ ಹದಿನಾಲ್ಕು ಶತಮಾನಕ್ಕೂ ಮೀರಿ ಅದು ಅಲ್ಲೇ ನಿಂತಿತ್ತು. ಶಿಕಾರಿಪುರ ತಾಲ್ಲೂಕಿನ ಶಾಸನಗಳು ಏಳನೇ ಸಂಪುಟದಲ್ಲಿ, ಸೊರಬದವು ಎಂಟನೆಯದರಲ್ಲಿ. ಎರಡೂ ತಾಲ್ಲೂಕಿನವು ನೂರಾರು. ರೈಸ್ ಒಂದೊಂದು ಕಲ್ಲಿಗೂ ತಾಲ್ಲೂಕಿನ ಎರಡು ಅಕ್ಷರ, ಮುಂದೊಂದು ಅಂಕಿ ಹಾಕಿದರು. ಮಯೂರನ ಕಂಬದ ಗುರುತು ಎಸ್‌ಕೆ 176. ಲಂಡನ್ನಿನ 007, ಮದ್ರಾಸಿನ ಸ್ಟುಡಿಯೊಗಳ ಕಾಲದ 999, ತಾಳಗುಂದದ 176. ಮೂರರಲ್ಲಿ ನಿಜವಾಗಿ ಬದುಕಿದ್ದವನ ಕಥೆ ಕೊನೆಯದೊಂದೇ.

ಪಕ್ಕದ ಸೊರಬಕ್ಕೂ ಇಂಥದೊಂದು ನಿಜ ಕಥೆ ಇದೆ. ಅದು ಮಯೂರನದಷ್ಟು ಹಳೆಯದಲ್ಲ, ಆದರೆ ಅದಕ್ಕಿಂತ ನಿಗೂಢ. 1957ರ ಮಾರ್ಚ್. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದವು. ಕಾಡಿಗೆ ಸೌದೆಗೆ, ತರಗೆಲೆಗೆ ಹೋಗಿ ಬಂದವರು ಜೋರು ಜ್ವರದಿಂದ ಮಲಗುತ್ತಿದ್ದರು. ಕೆಲವರಿಗೆ ಮೂಗು, ವಸಡಿನಿಂದ ರಕ್ತ. ಸುದ್ದಿ ಪುಣೆಯ ವೈರಸ್ ಸಂಶೋಧನಾ ಕೇಂದ್ರಕ್ಕೆ ಮುಟ್ಟಿದಾಗ ಅಲ್ಲಿನವರು ಬೆಚ್ಚಿದ್ದಕ್ಕೆ ಕಾರಣವಿತ್ತು. ಕಾಡಿನಲ್ಲಿ ಮಂಗಗಳನ್ನು ಸಾಲಾಗಿ ಕೊಲ್ಲುವ ರೋಗವೆಂದರೆ ದಕ್ಷಿಣ ಅಮೆರಿಕದ ಹಳದಿ ಜ್ವರ. ಏಷ್ಯಾಕ್ಕೆ ಅದು ಎಂದೂ ಕಾಲಿಟ್ಟಿರಲಿಲ್ಲ. ಬಂದಿದ್ದರೆ ಕೋಟಿಗಟ್ಟಲೆ ಜನರ ಪ್ರಶ್ನೆ.

ಸತ್ತ ಮಂಗಗಳಿಂದ, ರೋಗಿಗಳ ರಕ್ತದಿಂದ ವೈರಸ್ ಬೇರ್ಪಡಿಸಿ ನೋಡಿದಾಗ ಹಳದಿ ಜ್ವರ ಅಲ್ಲವೆಂದು ಗೊತ್ತಾಯಿತು. ಆದರೆ ಒಗಟು ಇನ್ನೂ ದೊಡ್ಡದಾಯಿತು. ಈ ವೈರಸ್ಸಿನ ನೆಂಟರು ಇದ್ದದ್ದು ರಷ್ಯಾದಲ್ಲಿ. ಅಲ್ಲಿನ ವಸಂತ–ಬೇಸಿಗೆಯ ಮಿದುಳು ಜ್ವರ, ಸೈಬೀರಿಯಾದ ಓಮ್ಸ್ಕ್ ಊರಿನ ರಕ್ತಸ್ರಾವದ ಜ್ವರ, ಇವುಗಳ ಬಳಗದ್ದು ಇದು. ಭೂಪಟ ತೆಗೆದು ನೋಡಿ. ಓಮ್ಸ್ಕ್ ಇರುವುದು ಸೊರಬದಿಂದ ಹೆಚ್ಚುಕಡಿಮೆ ನೇರ ಉತ್ತರಕ್ಕೆ, ಸುಮಾರು 4,500 ಕಿಲೋಮೀಟರ್ ದೂರದಲ್ಲಿ. ನಡುವೆ ಹಿಮಾಲಯ. ಹಿಮದ ನಾಡಿನ ರೋಗದ ಬಳಗ ಮಲೆನಾಡಿನ ಕಾನಿಗೆ ಹೇಗೆ ಬಂತು? ಕಾಕತಾಳೀಯವೋ ಏನೋ, ಮಂಗಗಳ ಸಾವಿನ ಸುದ್ದಿ ಬಂದ ಮರು ತಿಂಗಳು, 1957ರ ಏಪ್ರಿಲ್ 8ರಂದು, ಲಂಡನ್ನಿನಲ್ಲಿ ಫ್ಲೆಮಿಂಗ್‌ರ ‘ಫ್ರಮ್ ರಷ್ಯಾ, ವಿತ್ ಲವ್’ ಕಾದಂಬರಿ ಹೊರಬಂತು.

ಅನುಮಾನ ಮೊದಲು ಬಿದ್ದದ್ದು ಹಕ್ಕಿಗಳ ಮೇಲೆ. ಚಳಿಗಾಲಕ್ಕೆ ಉತ್ತರದಿಂದ ಬರುವ ವಲಸೆ ಹಕ್ಕಿಗಳ ಮೈಮೇಲೆ ಈ ವೈರಸ್ ಹೊತ್ತ ಉಣುಗು ಬಂದಿರಬಹುದೇ? ಸಲೀಂ ಅಲಿಯವರ ಮುಂದಾಳತ್ವದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಸಾವಿರಾರು ಹಕ್ಕಿಗಳನ್ನು ಹಿಡಿದು, ಕಾಲಿಗೆ ಉಂಗುರ ತೊಡಿಸಿ, ಮೈಮೇಲಿನ ಉಣುಗು ಹೆಕ್ಕಿ, ಬಿಟ್ಟಿತು. ವಿಶ್ವ ಆರೋಗ್ಯ ಸಂಸ್ಥೆ ನೆರವಾಯಿತು. ಮುಂದೆ ಅಮೆರಿಕದ ಸೈನ್ಯದ ಹಣವೂ ಬಂತು. ಶೀತಲ ಸಮರದ ದಿನಗಳು. 1970ರ ದಶಕದ ನಡುವಿನಲ್ಲಿ ಇದೇ ಹಕ್ಕಿ ಅಧ್ಯಯನ ಬೇಹುಗಾರಿಕೆಯ, ಜೈವಿಕ ಯುದ್ಧದ ಗುಮಾನಿಗೆ ಸಿಕ್ಕಿ ಪತ್ರಿಕೆಗಳಲ್ಲಿ, ಸಂಸತ್ತಿನ ಸಮಿತಿಯಲ್ಲಿ ಚರ್ಚೆಯಾಯಿತು. ಹಕ್ಕಿಗಳ ಮೇಲಿನ ಆರೋಪ ಕೊನೆಗೂ ಸಾಬೀತಾಗಲಿಲ್ಲ. ಸೊರಬದ ಒಂದು ಕಾಡಿನ ಸತ್ತ ಮಂಗದಿಂದ ಹೊರಟ ಎಳೆ ಪುಣೆ, ಮುಂಬೈ, ಸೈಬೀರಿಯಾ, ವಾಷಿಂಗ್ಟನ್ ಸುತ್ತಿ ದೆಹಲಿಗೆ ಬಂತು. ಯಾವ ಲೇಖಕನೂ ಕೂತು ಕಟ್ಟಿದ್ದಲ್ಲ ಇದು.

ಕೊಲೆಗಾರನ ಗಾತ್ರವನ್ನೂ ನೋಡಿ. ವೈರಸ್ಸಿನ ಅಡ್ಡಳತೆ ಸುಮಾರು 50 ನ್ಯಾನೊಮೀಟರ್. ಒಂದು ಮಿಲಿಮೀಟರಿನಲ್ಲಿ 20,000 ವೈರಸ್ಸುಗಳನ್ನು ಸಾಲಾಗಿ ನಿಲ್ಲಿಸಬಹುದು. ಅದನ್ನು ಹೊತ್ತು ತಿರುಗುವ ಎಳೆ ಉಣುಗು ಗಸಗಸೆ ಕಾಳಿನಷ್ಟು. ತರಗೆಲೆಯ ಮೇಲೆ ಕೂತಿದ್ದರೆ ಕಣ್ಣಿಗೆ ಬೀಳುವುದಿಲ್ಲ, ಕಾಲಿಗೆ ಹತ್ತಿದರೆ ತಿಳಿಯುವುದಿಲ್ಲ. ಒಂದು ಹೆಣ್ಣು ಉಣುಗು ಇಡುವ ಮೊಟ್ಟೆ ಸಾವಿರಾರು. ಮಂಗ ಸತ್ತು ಬಿದ್ದ ಜಾಗದಲ್ಲಿ ಅದರ ಮೈಯಿಂದ ಇಳಿದ ಉಣುಗುಗಳು ಅಲ್ಲೇ ಹರಡಿ, ಮುಂದೆ ಬರುವ ಬಿಸಿರಕ್ತದ ಕಾಲಿಗಾಗಿ ಕಾಯುತ್ತವೆ. ಅಡಿಕೆ ತೋಟಕ್ಕೆ ಸೊಪ್ಪು ತರಲು ಹೋಗುವವರು, ದನ ಮೇಯಿಸುವವರು, ಸೌದೆ ಹೊರುವ ಹೆಂಗಸರು, ಇವರದೇ ಆ ಕಾಲು. ಅದಕ್ಕೇ ಮಲೆನಾಡಿನಲ್ಲಿ ಬೇಸಿಗೆ ಹತ್ತಿರ ಬಂದರೆ ಆಶಾ ಕಾರ್ಯಕರ್ತೆಯರು ಮನೆ ಮನೆಗೆ ಉಣುಗು ಹತ್ತದಂತೆ ಹಚ್ಚಿಕೊಳ್ಳುವ ಎಣ್ಣೆ ಹಂಚುತ್ತಾರೆ, ಮಂಗ ಸತ್ತದ್ದು ಕಂಡರೆ ತಿಳಿಸಿ ಎಂದು ಹೇಳಿ ಹೋಗುತ್ತಾರೆ.

ವರ್ಷಕ್ಕೆ ಸರಾಸರಿ 400ರಿಂದ 500 ಜನರಿಗೆ ಈ ರೋಗ ತಗಲುತ್ತದೆ, ನೂರರಲ್ಲಿ ಮೂರರಿಂದ ಐದು ಮಂದಿ ಸಾಯುತ್ತಾರೆ ಎಂಬುದು ವೈದ್ಯಲೋಕದ ಅಂದಾಜು. ಬಹುಕಾಲ ಶಿವಮೊಗ್ಗದ ಸುತ್ತಮುತ್ತ ಇದ್ದದ್ದು ಈಗ ಕೇರಳ, ತಮಿಳುನಾಡು, ಗೋವಾ, ಮಹಾರಾಷ್ಟ್ರಗಳಲ್ಲೂ ಕಾಣಿಸಿಕೊಂಡಿದೆ. ಇದರ ಹತ್ತಿರದ ಸಂಬಂಧಿ ವೈರಸ್ಸೊಂದು 1990ರ ದಶಕದಲ್ಲಿ ಸೌದಿ ಅರೇಬಿಯಾದಲ್ಲಿ ಪತ್ತೆಯಾಯಿತು. ಜಗತ್ತಿನ ವೈದ್ಯ ಪುಸ್ತಕಗಳಲ್ಲೆಲ್ಲ ಸೊರಬ ತಾಲ್ಲೂಕಿನ ಕ್ಯಾಸನೂರು ಎಂಬ ಒಂದು ಹಳ್ಳಿಯ ಹೆಸರು ರೋಗದ ಹೆಸರಾಗಿ ಅಚ್ಚಾಗಿದೆ.

ಕನ್ನಡದಲ್ಲಿ ಚಿತ್ರ ಮಾಡುವವರಲ್ಲಿ ನನ್ನದೊಂದು ಮನವಿ. ಗೂಢಚಾರಿ ಕಥೆಗಾಗಿ ಬ್ಯಾಂಕಾಕಿಗೆ, ಲಂಡನ್ನಿಗೆ ಹಾರುವ ಮೊದಲು ಒಮ್ಮೆ ಸೊರಬದ ಬಸ್ಸು ಹತ್ತಿ ಬನ್ನಿ. ಈ ಕಥೆಗೆ ಬೇಕಾದದ್ದು ಒಂದು ಕಾನು, ಒಂದು ಹಳ್ಳಿ ಆಸ್ಪತ್ರೆ, ಪುಣೆಯ ಒಂದು ಪ್ರಯೋಗಶಾಲೆ, ಹಕ್ಕಿ ಹಿಡಿಯುವ ಒಂದು ಬಲೆ, ದೆಹಲಿಯ ಒಂದು ಕೋಣೆ. 1957ರ ಆ ಬೇಸಿಗೆಯನ್ನು ಕಣ್ಣಾರೆ ಕಂಡವರು ಈಗ ಎಂಬತ್ತರ ಅಂಚಿನಲ್ಲೋ ಅದರಾಚೆಗೋ ಇದ್ದಾರೆ. ಅವರು ಹೇಳುವ ಸ್ಥಿತಿಯಲ್ಲಿರುವಾಗಲೇ ಹೋಗಿ ಕೇಳಿ, ಬರೆದುಕೊಳ್ಳಿ.